ಸಾವಿನ ಸವಾರಿಯ ಸೇನಾನಿ

1870ರ ಆಗಸ್ಟ್ 16ರ ಮಧ್ಯಾಹ್ನ. ಪೂರ್ವ ಫ್ರಾನ್ಸಿನ ಮೆಟ್ಸ್ ನಗರದ ಪಶ್ಚಿಮಕ್ಕಿರುವ ವಿಯೋನ್‌ವಿಲ್ ಎಂಬ ಹಳ್ಳಿಯ ಬಳಿ ಪ್ರಶ್ಯದ ಸೇನಾನಿ ಆಲ್ವೆನ್ಸ್‌ಲೇಬೆನ್ ಪೇಚಿಗೆ ಸಿಲುಕಿದ್ದ. ವರ್ಡುನ್ ಕಡೆಗೆ ಹಿಮ್ಮೆಟ್ಟುತ್ತಿರುವ ಫ್ರೆಂಚರ ಬಾಲವನ್ನಷ್ಟೇ ಹಿಡಿಯುತ್ತೇನೆಂದು ಹೊರಟವನಿಗೆ ಇಡೀ ಸೈನ್ಯವೇ ಎದುರಾಗಿತ್ತು. ಆತನ ಬಳಿ ಇದ್ದವರು ಸುಮಾರು 30,000 ಮಂದಿ. ಫ್ರೆಂಚ್ ಮಾರ್ಷಲ್ ಬಝೇನನ ಕೈಕೆಳಗೆ ಲಕ್ಷಕ್ಕೂ ಮಿಗಿಲು. ಮೀಸಲಿಟ್ಟಿದ್ದ ಕಾಲಾಳುಗಳೆಲ್ಲ ಆಗಲೇ ಕಾಳಗಕ್ಕಿಳಿದಿದ್ದರು. ಕಾನ್ರೋಬೇರನ ಫಿರಂಗಿಗಳು ಪ್ರಶ್ಯನ್ನರನ್ನು ಅರೆಯುತ್ತಿದ್ದವು. ಇನ್ನೊಂದು ಗಂಟೆ ಹೀಗೇ ಸಾಗಿದ್ದರೆ ಸಾಲು ಕಡಿಯುವುದು ಖಂಡಿತವಿತ್ತು. ಕೈಗೆಟುಕುವಂತೆ ಉಳಿದಿದ್ದುದು ಕುದುರೆ ಸವಾರರು ಮಾತ್ರ. ಅವರ ನಾಯಕ ಮೇಜರ್ ಜನರಲ್ ಅಡಾಲ್ಬರ್ಟ್ ಫಾನ್ ಬ್ರೇಡೋನಿಗೆ ಆಜ್ಞೆ ಹೋಯಿತು: ಆ ಫಿರಂಗಿಗಳ ಮೇಲೆ ನುಗ್ಗಬೇಕು.

ಬ್ರೇಡೋನಿಗೆ ಆಗ 56 ವರ್ಷ. ಬ್ರಾಂಡೆನ್‌ಬರ್ಗ್ ಪ್ರಾಂತದ ಬ್ರೀಸೆನ್ ಎಂಬಲ್ಲಿ 1814ರ ಮೇ 25ರಂದು, ಹಳೆಯ ಜಮೀನುದಾರ ಮನೆತನವೊಂದರಲ್ಲಿ ಹುಟ್ಟಿದವನು. ಇಂಥ ಮನೆತನದ ಹುಡುಗರು ಸೈನ್ಯ ಸೇರುವುದು ಅಲ್ಲಿ ವಾಡಿಕೆ. ಈತನೂ ಯೌವನದಲ್ಲೇ ಅಶ್ವದಳ ಸೇರಿ ಒಂದೊಂದೇ ಮೆಟ್ಟಿಲು ಏರುತ್ತ ಬಂದಿದ್ದ. ಆ ಒಂದು ಮಧ್ಯಾಹ್ನ ಬಾರದೇ ಹೋಗಿದ್ದರೆ ಬ್ರೇಡೋ ಎಂಬ ಹೆಸರನ್ನು ಆತನ ಮನೆತನದವರ ಹೊರತು ಇಂದು ಯಾರೂ ನೆನೆಯುತ್ತಿರಲಿಲ್ಲ.

ಆಜ್ಞೆ ಎಷ್ಟು ಭಯಂಕರವಾದದ್ದು ಎಂಬುದನ್ನು ಸರಳ ಲೆಕ್ಕವೊಂದು ತಿಳಿಸುತ್ತದೆ. ನಾಗಾಲೋಟದಲ್ಲಿರುವ ಕುದುರೆ ನಿಮಿಷಕ್ಕೆ ಸುಮಾರು 400 ಮೀಟರ್ ಕ್ರಮಿಸುತ್ತದೆ ಎಂದಿಟ್ಟುಕೊಳ್ಳಿ. ಹಳೆಯ ಕಾಲದ ಬಂದೂಕಿಗೆ 100 ಮೀಟರಿನಾಚೆ ಗುರಿಯೇ ಸಿಗುತ್ತಿರಲಿಲ್ಲ. ಆ ದೂರವನ್ನು ಸವಾರ 15 ಸೆಕೆಂಡಿನಲ್ಲಿ ದಾಟುತ್ತಿದ್ದ; ಸಿಪಾಯಿಗೆ ಒಂದೇ ಗುಂಡಿನ ಅವಕಾಶ. ಆದರೆ 1870ರ ಫ್ರೆಂಚ್ ಸಿಪಾಯಿಯ ಕೈಯಲ್ಲಿದ್ದುದು ಶಾಸ್ಪೋ ಬಂದೂಕು. ಅದರ ಗುಂಡು 1,200 ಮೀಟರಿನವರೆಗೂ ಹೋಗುತ್ತಿತ್ತು. ಬಯಲಿನಲ್ಲಿ ಅಷ್ಟು ದೂರ ಓಡಿಬರಲು ಕುದುರೆಗೆ 3 ನಿಮಿಷ ಬೇಕು. ಅಷ್ಟರಲ್ಲಿ ಒಬ್ಬೊಬ್ಬ ಸಿಪಾಯಿಯೂ ಇಪ್ಪತ್ತಕ್ಕೂ ಹೆಚ್ಚು ಗುಂಡು ಹಾರಿಸಬಲ್ಲ. ಬಯಲಿನಲ್ಲಿ ನೇರವಾಗಿ ಹೋದರೆ ಯಾರೂ ತಲುಪುವುದಿಲ್ಲ ಎಂದೇ ಅರ್ಥ.

ಬ್ರೇಡೋ ನೇರವಾಗಿ ಹೋಗಲಿಲ್ಲ. ಆತುರಪಡಲೂ ಇಲ್ಲ. ಪಕ್ಕದ ಕಾಡಿನ ಕಡೆಯಿಂದ ಅಪಾಯ ಬರಬಹುದೆಂದು ಎರಡು ತುಕಡಿಗಳನ್ನು ಅತ್ತ ಕಳಿಸಿದ. 7ನೇ ಕ್ಯುರಾಸಿಯರ್ ಮತ್ತು 16ನೇ ಉಲಾನ್ ರೆಜಿಮೆಂಟುಗಳಲ್ಲಿ ಉಳಿದ ಸುಮಾರು 800 ಸವಾರರನ್ನು ವಿಯೋನ್‌ವಿಲ್‌ನ ಉತ್ತರಕ್ಕಿದ್ದ ತಗ್ಗಿನೊಳಗಿಂದ ನಡೆಸಿದ. ಮೇಲೆ ಫಿರಂಗಿಗಳ ಹೊಗೆ ದಟ್ಟವಾಗಿ ಕವಿದಿತ್ತು. ತಗ್ಗಿನಿಂದ ಹೊರಬಿದ್ದಾಗ ಶತ್ರು ಕೆಲವೇ ನೂರು ಮೀಟರುಗಳಾಚೆ ಇದ್ದ. ಮೇಲಿನ ಲೆಕ್ಕದ 3 ನಿಮಿಷ ಈಗ ಒಂದು ನಿಮಿಷಕ್ಕೆ ಇಳಿದಿತ್ತು.

ಸವಾರರು ಮೊದಲ ಸಾಲಿನ ಫಿರಂಗಿಗಳನ್ನು ತುಳಿದು ದಾಟಿದರು. ಮುಂದಿನ ಸಾಲನ್ನೂ ಚದುರಿಸಿದರು. ಓಡುವ ಕುದುರೆಗಳನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಕುದುರೆಗಳ ಉಸಿರು ಮುಗಿಯುವ ವೇಳೆಗೆ ಫ್ರೆಂಚ್ ಅಶ್ವದಳ ಪಕ್ಕದಿಂದ ಮೇಲೆ ಬಿತ್ತು. ಬಂದ ದಾರಿಯಲ್ಲೇ, ಮತ್ತೆ ಗುಂಡಿನ ಮಳೆಯಲ್ಲೇ ಮರಳಬೇಕಾಯಿತು. 800ರಲ್ಲಿ ಹಿಂತಿರುಗಿದವರು ಸುಮಾರು 420. ಮತ್ತೆ ಒಂದುಗೂಡಲು ಕಹಳೆ ಊದಿದಾಗ, ಗುಂಡು ತೂರಿದ್ದ ಕಹಳೆ ನರಳಿದಂತೆ ಸದ್ದು ಮಾಡಿತಂತೆ. ಕವಿ ಫ್ರೈಲಿಗ್ರಾತ್ ಈ ಬಗ್ಗೆ ಬರೆದ ಕವನ ಜರ್ಮನಿಯಲ್ಲಿ ಮನೆಮಾತಾಯಿತು. ಫ್ರೆಂಚರ ಒತ್ತಡ ನಿಂತಿತು. ಪ್ರಶ್ಯನ್ನರ ಸಾಲು ಉಳಿಯಿತು. ಜರ್ಮನ್ನರು ಇದಕ್ಕೆ 'ಸಾವಿನ ಸವಾರಿ' ಎಂದು ಹೆಸರಿಟ್ಟರು.

ಒಂದು ಪ್ರಯೋಗ ಒಮ್ಮೆ ಫಲಿಸಿದರೆ ಅದೇ ನಿಯಮವೆನ್ನಲು ಬರುವುದಿಲ್ಲ. ಯಾವ ಯಾವ ಸ್ಥಿತಿಯಲ್ಲಿ ಫಲಿಸಿತು, ಬೇರೆ ಕಾರಣಗಳೇನಾದರೂ ಇದ್ದವೇ ಎಂದು ನೋಡಬೇಕು. ಇಲ್ಲಿ ಬೇರೆ ಕಾರಣವಿತ್ತು. ಮೆಟ್ಸ್ ಕೋಟೆಯ ಸಂಪರ್ಕ ಎಲ್ಲಿ ಕಡಿದುಹೋಗುವುದೋ ಎಂಬ ಭಯದಿಂದ ಬಝೇನ್ ತನ್ನ ಎಡ ಪಕ್ಕಕ್ಕೇ ಸೈನ್ಯ ತುಂಬುತ್ತಿದ್ದ; ಬಲಗಡೆ ಮುನ್ನುಗ್ಗುವ ಮನಸ್ಸೇ ಆತನಿಗಿರಲಿಲ್ಲ. ವಿರುದ್ಧ ಸಾಕ್ಷ್ಯವೂ ಇತ್ತು. ಹತ್ತು ದಿನ ಮುಂಚೆ, ಆಗಸ್ಟ್ 6ರಂದು, ಮೋರ್ಸ್‌ಬ್ರೋನ್ ಹಳ್ಳಿಯಲ್ಲಿ ಫ್ರೆಂಚ್ ಕ್ಯುರಾಸಿಯರ್‌ಗಳು ಇದೇ ಧೈರ್ಯದಿಂದ ನುಗ್ಗಿ ನಾಶವಾಗಿದ್ದರು. ಸೆಪ್ಟೆಂಬರ್ 1ರಂದು ಸೆಡಾನ್‌ನಲ್ಲಿ ಫ್ರೆಂಚ್ ಸವಾರರು ಮತ್ತೆ ಮತ್ತೆ ನುಗ್ಗಿ ಮತ್ತೆ ಮತ್ತೆ ಉರುಳಿದರು. ಒಂದು ತಿಂಗಳೊಳಗಿನ ಈ ಮೂರು ಪ್ರಯತ್ನಗಳಲ್ಲಿ ಫಲಿಸಿದ್ದು ಬ್ರೇಡೋನದು. ಯುರೋಪಿನ ಅಶ್ವದಳದ ಅಧಿಕಾರಿಗಳು ಮುಂದೆ ನಾಲ್ಕು ದಶಕ ಅದನ್ನೇ ಹಿಡಿದುಕೊಂಡು ವಾದಿಸಿದರು.

ಅಷ್ಟರಲ್ಲಿ ಅವನಿಗೆ ನೆರವಾದ ಸ್ಥಿತಿಗಳೂ ಉಳಿದಿರಲಿಲ್ಲ. 1884ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ. ರಣರಂಗದ ಹೊಗೆಯ ಮರೆ ಹೋಯಿತು. ಅದೇ ಸುಮಾರಿಗೆ ಮ್ಯಾಕ್ಸಿಮ್ ಮೆಷಿನ್ ಗನ್ ಬಂತು. ಇಷ್ಟಾದರೂ 1890ರ ಹೊತ್ತಿಗೆ ಜರ್ಮನಿ ಮಾಡಿದ್ದೇನು? ತನ್ನ ಅಶ್ವದಳಕ್ಕೆಲ್ಲ ಉದ್ದನೆಯ ಈಟಿಗಳನ್ನು ಹಂಚಿತು! ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತನಾಗಿದ್ದ ಬ್ರೇಡೋ ಅದೇ 1890ರ ಮಾರ್ಚ್ 3ರಂದು ತನ್ನ ಹುಟ್ಟೂರಿನಲ್ಲೇ ತೀರಿಕೊಂಡ. ಸಿಲೇಸಿಯದ ಡ್ರಗೂನ್ ರೆಜಿಮೆಂಟ್ ಒಂದಕ್ಕೆ ಆತನ ಹೆಸರಿಡಲಾಗಿತ್ತು.

1914ರ ಆಗಸ್ಟ್ 12ರಂದು, ಮೊದಲ ಮಹಾಯುದ್ಧದ ಆರಂಭದ ದಿನಗಳಲ್ಲಿ, ಜರ್ಮನ್ ಸವಾರರು ಬೆಲ್ಜಿಯಮ್ಮಿನ ಹಾಲೆನ್ ಎಂಬ ಊರಿನ ಬಳಿ ಈಟಿ ಕತ್ತಿಗಳೊಂದಿಗೆ ನುಗ್ಗಿದರು. ಎದುರಿಗಿದ್ದ ಬೆಲ್ಜಿಯನ್ ಸವಾರರು ಕುದುರೆಯಿಂದಿಳಿದು, ನೆಲ ಹಿಡಿದು, ಬಂದೂಕು ಮತ್ತು ಮೆಷಿನ್ ಗನ್ನುಗಳಿಂದ ಉತ್ತರಿಸಿದರು. ಸಂಜೆಯ ಹೊತ್ತಿಗೆ ಹೊಲಗಳ ತುಂಬ ಸತ್ತ ಕುದುರೆಗಳು, ಚೆಲ್ಲಾಡಿದ ಹೊಳೆಯುವ ಶಿರಸ್ತ್ರಾಣಗಳು. ಬೆಲ್ಜಿಯನ್ನರು ಅದನ್ನು 'ಬೆಳ್ಳಿ ಶಿರಸ್ತ್ರಾಣಗಳ ಕಾಳಗ' ಎಂದು ಕರೆದರು.