ಮದ್ಯಪಾನಿಗಳ ಯಕೃತ್ತು: ಗುಟ್ಟಿನ ಪರೀಕ್ಷೆ ಸಾಕೇ?

ಬಲಪಕ್ಕೆಲುಬುಗಳ ಮರೆಯಲ್ಲಿರುವ, ಸುಮಾರು ಒಂದೂವರೆ ಕಿಲೋ ತೂಕದ ಯಕೃತ್ತು ಬಲು ಸಹನಶೀಲ ಅಂಗ. ಬಹುಭಾಗ ಕೆಡುವವರೆಗೂ ಅದು ನೋವು ತೋರದಿರಬಹುದು. ಆದುದರಿಂದಲೇ ವರ್ಷಗಟ್ಟಲೆ ವಿಪರೀತ ಕುಡಿದವರು ತಮಗೇನೂ ಆಗಿಲ್ಲವೆಂದು ನಂಬಿರುತ್ತಾರೆ. ಸಂಶಯ ಮೂಡಿದಾಗಲೂ ಮನೆಯವರಿಗೆ, ಕಚೇರಿಗೆ ತಿಳಿದೀತೆಂಬ ಅಳುಕಿನಿಂದ ದೂರದ ಬಡಾವಣೆಯ ಖಾಸಗಿ ಪ್ರಯೋಗಾಲಯದಲ್ಲಿ ಸದ್ದಿಲ್ಲದೆ ರಕ್ತ ಕೊಟ್ಟು ಬರುವವರು ಮಹಾನಗರಗಳಲ್ಲಿ ಉಂಟು. ಅದು ತಪ್ಪಲ್ಲ, ವರದಿಯನ್ನು ತಾವೇ ಓದಿ ನಿಶ್ಚಿಂತರಾಗುವುದು ಅಪಾಯಕರ.

ಮದ್ಯದಿಂದ ಯಕೃತ್ತಿನಲ್ಲಿ ಮೊದಲು ಕೊಬ್ಬು ಸೇರುತ್ತದೆ, ಬಳಿಕ ಉರಿಯೂತ, ಕೊನೆಗೆ ಕಲೆಗಟ್ಟಿ ಗಡುಸಾಗುವ ಸಿರೋಸಿಸ್. ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಕಿಣ್ವಗಳು ರಕ್ತದಲ್ಲಿ ಏರಿದ್ದರೆ ಯಕೃತ್ತಿನ ಜೀವಕೋಶಗಳಿಗೆ ಪೆಟ್ಟಾಗಿರುವ ಶಂಕೆ ಮೂಡುತ್ತದೆ. ಆದರೆ ಸಿರೋಸಿಸ್ ಆದವರಲ್ಲಿಯೂ ಅವು ಸಹಜ ಮಟ್ಟದಲ್ಲಿರಬಹುದು! ಆದಕಾರಣ ಬಿಲಿರುಬಿನ್, ಆಲ್ಬುಮಿನ್, ಪ್ಲೇಟ್‌ಲೆಟ್ ಎಣಿಕೆ, ಪ್ರೋಥ್ರಾಂಬಿನ್ ಕಾಲ, ಅಲ್ಟ್ರಾಸೌಂಡ್, ಗಡುಸುತನ ಅಳೆಯುವ ಫೈಬ್ರೋಸ್ಕ್ಯಾನ್ ಇವನ್ನು ಕೂಡಿಸಿ ನೋಡಬಲ್ಲವರು ವೈದ್ಯರೇ. ಅವರಲ್ಲಿ ಕುಡಿತದ ಪ್ರಮಾಣವನ್ನು ಮುಚ್ಚಿಡಬಾರದು. ರೋಗಿಯ ಗುಟ್ಟು ಕಾಯುವುದು ವೈದ್ಯಧರ್ಮ.

ಕೊಬ್ಬಿನ ಹಂತದಲ್ಲಿಯೇ ಕುಡಿತ ಬಿಟ್ಟರೆ ಕೆಲವು ವಾರಗಳಲ್ಲಿ ಯಕೃತ್ತು ಬಹುಮಟ್ಟಿಗೆ ಸುಧಾರಿಸುತ್ತದೆ. ಸಿರೋಸಿಸ್ ಆದ ಮೇಲೂ ಬಿಟ್ಟವರಿಗೆ ಆಯುಷ್ಯದ ಲಾಭವುಂಟು. ಆದರೆ ನಿತ್ಯ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಸೆಳವು, ಚಿತ್ತಭ್ರಮೆಗಳಿಂದ ಪ್ರಾಣಾಪಾಯ ಒದಗಬಹುದು. ವೈದ್ಯರ ಮೇಲ್ವಿಚಾರಣೆಯಲ್ಲೇ ಬಿಡತಕ್ಕದ್ದು. ಕಣ್ಣು ಹಳದಿಯಾದರೆ, ಹೊಟ್ಟೆಯಲ್ಲಿ ನೀರು ತುಂಬಿದರೆ, ರಕ್ತ ವಾಂತಿಯಾದರೆ, ಮಲ ಕಪ್ಪಾದರೆ ಕೂಡಲೇ ಆಸ್ಪತ್ರೆ ಸೇರಬೇಕು.

ಕುಡಿತ ಬಿಡಲು ನೆರವು ಬಯಸುವವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ (14416) ಉಚಿತವಾಗಿ ದೊರೆಯುತ್ತದೆ. ಅಲ್ಲಿ ಕನ್ನಡವೂ ಉಂಟು. ಪರೀಕ್ಷೆ ಗುಟ್ಟಾಗಿಯೇ ಇರಲಿ. ಚಿಕಿತ್ಸೆ ಮಾತ್ರ ಒಂಟಿಯಾಗಿ ಬೇಡ.