ಎಡ್ಗರ್ ಸತ್ತನೆ, ಬದುಕಿದನೆ?

ರಕ್ತಪಿಶಾಚಿ ಎಂದೊಡನೆ ನಮಗೆ ನೆನಪಾಗುವವನು ಕಪ್ಪು ನಿಲುವಂಗಿಯ, ಕೋರೆಹಲ್ಲಿನ ಡ್ರಾಕುಲಾ. ಜಪಾನಿನ ಓದುಗರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಅರ್ಧ ಶತಮಾನದಿಂದ ಕಾಡುತ್ತಿರುವ ಪಿಶಾಚಿಗಾದರೋ ಬರೀ ಹದಿನಾಲ್ಕು ವರ್ಷ! ಗುಂಗುರು ಕೂದಲಿನ ಆ ಚೆಲುವ ಹುಡುಗನ ಹೆಸರು ಎಡ್ಗರ್. ರಕ್ತ ಸಿಗದಿದ್ದರೆ ಗುಲಾಬಿಯ ಸತ್ವ ಹೀರಿಯೂ ಅವನು ಜೀವ ಹಿಡಿದಿರಬಲ್ಲ. ಅವನ ಕತೆಯೇ ‘ಪೋ ನೊ ಇಚಿಝೊಕು’, ಅಂದರೆ ‘ಪೋ ವಂಶ’.

ಜಪಾನಿನಲ್ಲಿ ಚಿತ್ರಕತೆಗೆ ಮಾಂಗಾ ಎನ್ನುತ್ತಾರೆ. ಈ ಮಾಂಗಾವನ್ನು ಬರೆದು ಚಿತ್ರಿಸಿದಾಕೆ ಮೋಟೊ ಹಾಗಿಯೊ. 1972ರಲ್ಲಿ ಹುಡುಗಿಯರ ಮಾಸಪತ್ರಿಕೆಯೊಂದರಲ್ಲಿ ಇದು ಆರಂಭವಾದಾಗ ಆಕೆಗೆ 22 ವರ್ಷ. 1974ರಲ್ಲಿ ಪುಸ್ತಕವಾಗಿ ಬಂದಾಗ ಮೊದಲ ಮುದ್ರಣದ 30 ಸಾವಿರ ಪ್ರತಿಗಳು ಮೂರೇ ದಿನಗಳಲ್ಲಿ ಖರ್ಚಾದವು.

ತಂಗಿ ಮೇರಿಬೆಲ್‌ಳನ್ನು ಕಾಪಾಡುವ ಸಲುವಾಗಿ ಎಡ್ಗರ್ ಪಿಶಾಚಿಗಳ ಕುಲ ಸೇರಲು ಒಪ್ಪುತ್ತಾನೆ. 1754ರಲ್ಲಿ ಅವನ ವಯಸ್ಸು ನಿಂತುಬಿಡುತ್ತದೆ. 1879ರಲ್ಲಿ ಆ ತಂಗಿಯೂ ಇಲ್ಲವಾದಾಗ, ಶಾಲೆಯ ಗೆಳೆಯ ಅಲನ್‌ನನ್ನು ತನ್ನಂತೆಯೇ ಮಾಡಿ ಜೊತೆಗೆ ಕರೆದೊಯ್ಯುತ್ತಾನೆ. ಅಲ್ಲಿಂದಾಚೆಗೆ ಇಬ್ಬರದೂ ಊರೂರು ಅಲೆಯುವ ಬಾಳು.

ಇವರದು ಗೆಳೆತನವೋ, ಪ್ರೇಮವೋ? ಹಾಗಿಯೊ ಅದಕ್ಕೆ ಹೆಸರಿಡಲಿಲ್ಲ. ಹುಡುಗರಿಬ್ಬರ ಒಲವನ್ನು ಹೇಳುವ ಕತೆಗಳಿಗೆ ಎಪ್ಪತ್ತರ ದಶಕದಲ್ಲಿ ಹಾದಿ ತೆರೆದವರು ಆಕೆ ಮತ್ತು ಕೆಯ್ಕೊ ತಕೆಮಿಯಾರಂಥ ತರುಣಿಯರು. ಇವನ್ನು ಹುಡುಗಿಯರು ಅಷ್ಟೊಂದು ಮೆಚ್ಚಿದ್ದೇಕೆ? ಗಂಡಿಗಾಗಿ ಕಾದು ಕೂರುವ ನಾಯಕಿಯ ಪಾತ್ರದಿಂದ ಓದುವವಳಿಗೆ ಇಲ್ಲಿ ಬಿಡುಗಡೆ ಸಿಕ್ಕಿತು ಎಂಬುದು ವಿಮರ್ಶಕರು ಕೊಡುವ ಒಂದು ವಿವರಣೆ.

ಅಭಿಮಾನಿಗಳಿಗೆ ಇನ್ನೊಂದು ಕೆಲಸವೂ ಇತ್ತು. ಅಧ್ಯಾಯಗಳು ಕಾಲಕ್ರಮದಲ್ಲಿ ಬರಲಿಲ್ಲ. ಹದಿನೆಂಟನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದವರೆಗೆ ಹಿಂದೆಮುಂದೆ ಜಿಗಿದವು. ಭೂವಿಜ್ಞಾನಿ ಪಳೆಯುಳಿಕೆ ನೋಡಿ ಶಿಲಾಪದರಗಳನ್ನು ಜೋಡಿಸುವಂತೆ, ಓದುಗರು ಇಸವಿಗಳನ್ನು ಹೆಕ್ಕಿ ಕಾಲಪಟ್ಟಿ ಬರೆದುಕೊಂಡರು. ಎಡ್ಗರ್, ಅಲನ್, ಪೋ ಈ ಮೂರನ್ನೂ ಸೇರಿಸಿದರೆ ಅಮೆರಿಕದ ಕತೆಗಾರನೊಬ್ಬನ ಪೂರ್ತಿ ಹೆಸರಾಗುತ್ತದೆ ಎಂಬುದು ಸುಲಭದ ಒಗಟು. ಕತೆಯೊಳಗೂ ಆರ್ಬಿನ್ ಎಂಬಾತ ಎಡ್ಗರ್‌ನನ್ನು ಕಂಡವರನ್ನೆಲ್ಲ ಸೇರಿಸಿ ಸಾಕ್ಷ್ಯ ಕಲೆಹಾಕುತ್ತಾನೆ.

ಕಠಿಣವಾದ ಒಗಟು ಬಂದದ್ದು 1976ರಲ್ಲಿ, ‘ಎಡಿತ್’ ಎಂಬ ಅಧ್ಯಾಯದಲ್ಲಿ. ಮನೆಗೆ ಬೆಂಕಿ ಬೀಳುತ್ತದೆ. ಅಲನ್ ಜ್ವಾಲೆಗೆ ಬೀಳುತ್ತಾನೆ, ಎಡ್ಗರ್ ಕಣ್ಮರೆಯಾಗುತ್ತಾನೆ. ಕತೆ ಅಲ್ಲಿಗೆ ನಿಂತಿತು. ಎಡ್ಗರ್ ಸತ್ತನೆಂದು ಕೆಲವರು, ಬದುಕಿದನೆಂದು ಕೆಲವರು ವಾದಿಸಿದರು. ಇರುವ ಪುರಾವೆ ಎರಡಕ್ಕೂ ಹೊಂದುವಾಗ ವಿಜ್ಞಾನ ಮಾಡುವುದೇನು? ಹೊಸ ಪುರಾವೆಗಾಗಿ ಕಾಯುತ್ತದೆ. ಈ ಓದುಗರು ಕಾದದ್ದು ನಲವತ್ತು ವರ್ಷ!

2016ರಲ್ಲಿ ‘ಫ್ಲವರ್ಸ್’ ಪತ್ರಿಕೆಯಲ್ಲಿ ಹೊಸ ಅಧ್ಯಾಯ ಬಂದಾಗ ಸಂಚಿಕೆ ಮಾರಿಹೋಗಿ ಮರುಮುದ್ರಣ ಮಾಡಬೇಕಾಯಿತು. ಆದರೆ ಆ ಕತೆ ನಡೆಯುವುದು 1944ರಲ್ಲಿ, ಬೆಂಕಿಗಿಂತ ಮೊದಲು. ಉತ್ತರ ಸಿಕ್ಕಿದ್ದು 2018ರಲ್ಲಿ ಆರಂಭವಾದ ‘ಯೂನಿಕಾರ್ನ್’ ಭಾಗದಲ್ಲಿ: ಎಡ್ಗರ್ ಬದುಕಿದ್ದಾನೆ, ಸುಟ್ಟು ಕರಕಲಾದ ಅಲನ್‌ನನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ತಿರುಗುತ್ತಿದ್ದಾನೆ, ಮತ್ತೆ ಎಬ್ಬಿಸುವ ಆಸೆಯಿಂದ. ಅದೇ ವರ್ಷ, ಮಹಿಳೆಯರೇ ಎಲ್ಲ ಪಾತ್ರಗಳನ್ನೂ ವಹಿಸುವ ತಕರಝುಕಾ ನಾಟಕ ಸಂಸ್ಥೆ ಈ ಕತೆಯನ್ನು ರಂಗಕ್ಕೆ ತಂದಿತು.

ಹಳೆಯ ವಾದ ತೀರ್ಮಾನವಾಯಿತು. ಆದರೆ ಗೆಳೆಯನನ್ನು ಬೂದಿಯಾಗಲು ಬಿಡದವನ ಆ ಹಟಕ್ಕೆ ಬರೀ ಗೆಳೆತನವೆಂಬ ಹೆಸರು ಸಾಕೆ? ಆ ಪ್ರಶ್ನೆ ಮೊದಲಿಗಿಂತ ದೊಡ್ಡದಾಗಿದೆ.

1974ರಲ್ಲಿ ಹದಿನಾಲ್ಕರ ಹರೆಯದಲ್ಲಿ ಆ ಪುಸ್ತಕ ಕೊಂಡವರು ಇಂದು ಅರವತ್ತು ದಾಟಿದ್ದಾರೆ. ಎಡ್ಗರ್‌ಗೆ ಈಗಲೂ ಹದಿನಾಲ್ಕೇ. ಒಂಬತ್ತನೇ ತರಗತಿಗೆ ಪಾಠ ಹೇಳುವವರಿಗೆ ಇದು ಅಷ್ಟೇನೂ ವಿಚಿತ್ರವಲ್ಲ. ಪ್ರತಿ ಜೂನ್‌ನಲ್ಲೂ ಎದುರಿನ ಬೆಂಚಿನಲ್ಲಿ ಕೂರುವವರಿಗೆ ಹದಿನಾಲ್ಕು ವರ್ಷ. ವಯಸ್ಸಾಗುವುದು ಮೇಷ್ಟರಿಗೆ ಮಾತ್ರ.