ಸೇವಾನಿರತ ಶ್ವಾನವೂ ಒಡೆಯನ ಎಚ್ಚರವೂ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿಗೆ ಸೇರಿದ ಮಂಗಸೂಳಿಯು ಕನ್ನಡ ಮರಾಠಿಗಳೆರಡೂ ಕೂಡುವ ಗಡಿನಾಡಿನ ಗ್ರಾಮ. ಇಲ್ಲಿಯ ದೇವನನ್ನು ಮರಾಠಿಗರು ಖಂಡೋಬನೆಂದೂ ಕನ್ನಡಿಗರು ಮಲ್ಲಯ್ಯನೆಂದೂ ಕರೆದು, ಭಂಡಾರವನ್ನೆರಚಿ ಪೂಜಿಸುವರು. ಮೈಲಾರನೆಂದು ನಾಡಿನ ಇತರ ಭಾಗಗಳಲ್ಲಿ ಪ್ರಸಿದ್ಧನಾದ ದೇವನೂ ಇವನೇ. ಕುದುರೆಯನ್ನೇರಿದ ಈ ದೇವನ ಸಂಗಡ ನಾಯಿಯಿರುವುದು ಸಂಪ್ರದಾಯ. ದೇವರಗುಡ್ಡವೇ ಮೊದಲಾದ ಮೈಲಾರನ ಕ್ಷೇತ್ರಗಳಲ್ಲಿ ಗೊರವರು ತಾವೇ ದೇವನ ನಾಯಿಗಳೆಂದು ಭಾವಿಸಿ, ಬೊಗಳುತ್ತ, ದೋಣಿಯೆಂಬ ಪಾತ್ರೆಯಲ್ಲಿಟ್ಟ ನೈವೇದ್ಯವನ್ನು ಬಾಯಿಂದಲೇ ಉಣ್ಣುವ ಸೇವೆಯುಂಟು.

ಒಂದು ಕಡೆ ‘ನಾಯಿ’ ಎಂಬುದು ನಮ್ಮ ಮಾತಿನಲ್ಲಿ ಬೈಗುಳು. ಇನ್ನೊಂದು ಕಡೆ ಭಕ್ತನು ಹೆಮ್ಮೆಯಿಂದ ಧರಿಸುವ ಹೆಸರು. ಆದರೆ ಕೆಲಸಮಾಡುವ ನಾಯಿಯೊಡನೆ ಮನುಷ್ಯನು ಅಪಾಯವಿಲ್ಲದೆ ಬಾಳುವ ಬಗೆಯನ್ನು ಈ ತಿರಸ್ಕಾರವೂ ತಿಳಿಸದು, ಆ ಪೂಜೆಯೂ ತಿಳಿಸದು. ಆ ಬಗೆಯನ್ನು ನಮ್ಮ ನಾಡಿನ ನಿದರ್ಶನಗಳಿಂದಲೇ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲನೆಯ ನಿದರ್ಶನವು ಸಾಹಿತ್ಯದ ಅಧ್ಯಾಪಕರೆಲ್ಲರೂ ಬಲ್ಲ ಆತಕೂರಿನ ಶಾಸನ. ಶಕ ವರ್ಷ 872ರ, ಎಂದರೆ ಕ್ರಿ.ಶ. 949–50ರ ಈ ಶಾಸನವು ತಕ್ಕೋಲದ ಯುದ್ಧದ ಸಂಗತಿಯನ್ನು ಹೇಳುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ಬೂತುಗನು ತನ್ನ ಸೇವಕನಾದ ಮಣಲೇರನ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೇರನು ಬೇಡಿದುದು ಕಾಳಿಯೆಂಬ ನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿಯನ್ನು ಭಾರಿಯಾದೊಂದು ಹಂದಿಯ ಮೇಲೆ ಬಿಡಲು, ಹಂದಿಯೂ ನಾಯಿಯೂ ಜೊತೆಯಾಗಿ ಸತ್ತವು. ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಡಲಾಯಿತು. ಕಲ್ಲಿನ ಪೂಜೆಯನ್ನು ಆ ಸ್ಥಾನದ ಗೊರವನಿಗೆ ವಹಿಸಲಾಯಿತು. ಹಂದಿ ನಾಯಿಗಳ ಕಾಳಗವನ್ನು ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಲ್ಲಿಯ ಗೊರವನೂ ಮೈಲಾರನ ಗೊರವರೂ ಒಂದೇ ಪರಂಪರೆಯವರೆಂದು ಹೆಸರಿನ ಸಾಮ್ಯದಿಂದ ಮಾತ್ರವೇ ನಿರ್ಣಯಿಸಲಾಗದು. ಆದರೂ ಆ ಸಾಮ್ಯವು ಗಮನಾರ್ಹವಾದುದು.

ಈ ವೃತ್ತಾಂತದಲ್ಲಿ ನಾಯಿಯ ಜೀವನದ ಎರಡು ಸಂದಿಗ್ಧ ಸಮಯಗಳು ಅಡಗಿವೆ. ಮೊದಲನೆಯದು ಒಡೆಯನ ಬದಲಾವಣೆ. ಬಿರುದನ್ನು ಅಥವಾ ಭೂಮಿಯನ್ನು ಕೊಟ್ಟ ಕ್ಷಣದಲ್ಲಿಯೇ ಪಡೆದವನದಾಗುತ್ತದೆ, ನಾಯಿಯು ಹಾಗಲ್ಲ. ಹೊಸಬನ ವಾಸನೆ, ದನಿ, ನಡೆಗಳು ಅದಕ್ಕೆ ಪರಿಚಿತವಾಗಲು ದಿನಗಳು ಬೇಕು. ಆದುದರಿಂದ ಹಳೆಯ ಪಾಲಕನು ಕೆಲವು ಕಾಲ ಜೊತೆಯಲ್ಲಿರಬೇಕು. ಹೊಸಬನು ತಾನೇ ಉಣಿಸಿ, ತಿರುಗಾಡಿಸಿ, ಒಂದೇ ಬಗೆಯ ಆಜ್ಞಾಶಬ್ದಗಳನ್ನು ಬಳಸಬೇಕು. ಉಣ್ಣುವ ನಾಯಿಯ ಬಟ್ಟಲಿಗೆ ಕೈಯಿಕ್ಕುವುದು, ಮಲಗಿದುದನ್ನು ತಟ್ಟನೆ ಮುಟ್ಟುವುದು, ಮರಿಹಾಕಿದ ತಾಯಿಯ ಬಳಿಗೆ ಹೋಗುವುದು ಇವು ಪರಿಚಿತರಿಗೂ ಅಪಾಯಕರ. ಕಿವಿಯನ್ನು ಹಿಂದಕ್ಕೊತ್ತಿ, ಮೈಯನ್ನು ಬಿಗಿದು, ಬಾಲವನ್ನಡಗಿಸಿ, ತುಟಿಯನ್ನು ಮೇಲಕ್ಕೆತ್ತುವ ನಾಯಿಯು ಕಚ್ಚುವ ಮೊದಲೇ ತನ್ನ ಭಯವನ್ನು ಹೇಳುತ್ತಿರುತ್ತದೆ. ಗುರುಗುಟ್ಟಿದುದಕ್ಕೆ ಹೊಡೆದರೆ ನಾಯಿಯು ಗುರುಗುಟ್ಟುವುದನ್ನು ಬಿಟ್ಟೀತು, ಕಚ್ಚುವುದನ್ನಲ್ಲ. ಎಚ್ಚರಿಕೆಯು ಮಾತ್ರ ಇಲ್ಲವಾಗುತ್ತದೆ.

ಎರಡನೆಯದು ಕಾರ್ಯದ ಸಮಯ. ಅಟ್ಟಿಹೋಗುವ ನಾಯಿಯು ತನ್ನ ಶಕ್ತಿಯ ಮಿತಿಯನ್ನು ಎಣಿಸದು. ಎಣಿಸಬೇಕಾದವನು ಅದನ್ನು ಬಿಡುವವನು. ಮುಧೋಳದ ನಾಯಿಯು ಇದಕ್ಕೆ ಉದಾಹರಣೆ. ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿ ಹೆಸರಾದ ಈ ತಳಿಯ ಚಿತ್ರವು 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದಿತು. ಮುಂದೆ ಮೀರತ್ತಿನ ಸೇನಾ ಕೇಂದ್ರದಲ್ಲಿ ಇದಕ್ಕೆ ಶಿಕ್ಷಣವನ್ನೂ ಕೊಡಲಾಯಿತು. ಕಣ್ಣಿನಿಂದ ಬೇಟೆಯನ್ನು ಗುರುತಿಸಿ ವೇಗವಾಗಿ ಓಡುವ ಈ ಜಾತಿಯು ಓಡುವುದೊಂದನ್ನು ಕಂಡರೆ ಕರೆದರೂ ಹಿಂತಿರುಗುವುದು ಕಷ್ಟ. ಆದಕಾರಣ ರಸ್ತೆಯ ಬಳಿ ಇದನ್ನು ಕಟ್ಟಿಲ್ಲದೆ ಬಿಡಲಾಗದು. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಲೂ ಬಾರದು. ನಾಯಿಯು ಜಿಗಿದೊಡನೆ ಬೆರಳು ಮುರಿಯುವ, ಮನುಷ್ಯನು ನೆಲಕ್ಕುರುಳುವ ಸಂಭವವುಂಟು. ನಾಯಿಯು ಬಹುಮಟ್ಟಿಗೆ ಏದುವುದರಿಂದಲೇ ಮೈಯ ಕಾವನ್ನು ಕಳೆದುಕೊಳ್ಳುವುದರಿಂದ ಬೇಸಗೆಯ ನಡುಹಗಲಿನಲ್ಲಿ ಅದನ್ನು ಓಡಿಸುವುದು ಪ್ರಾಣಾಪಾಯಕರ. ಎರಡು ನಾಯಿಗಳು ಕಾದಾಡುವಾಗ ನಡುವೆ ಕೈಯಿಕ್ಕದೆ ನೀರೆರಚಿಯೋ ಹಲಗೆಯನ್ನಡ್ಡವಿಟ್ಟೋ ಬೇರ್ಪಡಿಸುವುದು ಲೇಸು.

ಮೂರನೆಯ ಅಪಾಯವು ಕಣ್ಣಿಗೆ ಕಾಣದುದು. ಅದು ಊಟಕ್ಕೆ ಸಂಬಂಧಿಸಿದುದು. ಮೈಲಾರನ ಭಕ್ತರಲ್ಲಿ ಕುರುಬರು ಬಹುಸಂಖ್ಯಾತರು. ತೋಳದಿಂದ ಕುರಿಯನ್ನು ಕಾಯುವ ನಾಯಿಯು ಅವರ ಹಟ್ಟಿಯ ಅಂಗವೇ ಆಗಿದೆ. ಆದರೆ ಕೊಯ್ದ ಅಥವಾ ಸತ್ತ ಕುರಿಯ ಯಕೃತ್ತು ಪುಪ್ಪುಸಗಳನ್ನು ಹಸಿಯಾಗಿಯೇ ನಾಯಿಗೆ ಎಸೆಯುವುದರಿಂದ ಎಕಿನೊಕಾಕಸ್ ಎಂಬ ಲಾಡಿಹುಳುವು ನಾಯಿಯ ಕರುಳನ್ನು ಸೇರುತ್ತದೆ. ಹುಳುವಿನ ಉದ್ದ ಕೆಲವೇ ಮಿಲಿಮೀಟರು. ಅದರ ತತ್ತಿಗಳು ನಾಯಿಯ ಮಲದೊಡನೆ ಹುಲ್ಲಿಗೂ ನೀರಿಗೂ ಅದರ ಕೂದಲಿಗೂ ಅಂಟಿಕೊಂಡು, ಕುರಿಯ ಹೊಟ್ಟೆಗೂ ಮನುಷ್ಯನ ಹೊಟ್ಟೆಗೂ ಹೋಗುತ್ತವೆ. ಅನಂತರ ಯಕೃತ್ತಿನಲ್ಲಿ ಅಥವಾ ಪುಪ್ಪುಸದಲ್ಲಿ ನೀರುತುಂಬಿದ ಚೀಲಗಳು ವರ್ಷಗಟ್ಟಲೆ ನೋವಿಲ್ಲದೆ ಬೆಳೆಯುತ್ತವೆ. ನಾಯಿಗೆ ಹಸಿಯ ಒಳಾಂಗಗಳನ್ನು ಕೊಡದಿರುವುದು, ಪಶುವೈದ್ಯರು ಹೇಳಿದ ಅಂತರದಲ್ಲಿ ಹುಳುವಿನ ಔಷಧವನ್ನು ಕುಡಿಸುವುದು, ನಾಯಿಯನ್ನು ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ತೊಳೆಯುವುದು, ಅದರ ಪಾತ್ರೆಯನ್ನು ಬೇರೆಯಿಡುವುದು ಇವಿಷ್ಟರಿಂದ ಈ ಚಕ್ರವು ಮುರಿಯುತ್ತದೆ. ದೋಣಿಯ ಸೇವೆಯಲ್ಲಿ ಮನುಷ್ಯನು ನಾಯಿಯಂತೆ ಉಣ್ಣುವುದು ಭಾವದ ವಿಷಯ. ಹಟ್ಟಿಯಲ್ಲಿ ಮನುಷ್ಯನೂ ನಾಯಿಯೂ ಒಂದೇ ಪಾತ್ರೆಯಲ್ಲಿ ಉಣ್ಣುವುದು ರೋಗದ ವಿಷಯ. ಮೊದಲನೆಯದನ್ನು ಗೌರವಿಸುವವರು ಎರಡನೆಯದನ್ನು ತಡೆಯಲು ಹಿಂಜರಿಯಬೇಕಾಗಿಲ್ಲ.

ಕಡೆಯದೂ ಎಲ್ಲಕ್ಕಿಂತ ಘೋರವಾದುದೂ ಹುಚ್ಚುನಾಯಿಯ ರೋಗ. ಇದರ ಲಕ್ಷಣಗಳು ತೋರಿದ ಬಳಿಕ ಮನುಷ್ಯನು ಬದುಕುವುದು ಅತಿ ವಿರಳ. ತೋರುವ ಮೊದಲು ತಡೆಯುವುದೋ ಸುಸಾಧ್ಯ. 1885ರಲ್ಲಿ ಪಾಶ್ಚರನು ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಚುಚ್ಚುಮದ್ದನ್ನು ಕೊಡಿಸಿ ಉಳಿಸಿದಂದಿನಿಂದ ಈ ಮಾತು ಸಿದ್ಧವಾಗಿದೆ. ನಾಯಿಯು ಕಚ್ಚಿದರೆ, ಹಲ್ಲು ತಾಗಿ ಚರ್ಮವು ತರಚಿದರೆ, ಗಾಯದ ಮೇಲೆ ಜೊಲ್ಲು ಬಿದ್ದರೆ, ಒಡನೆಯೇ ಹರಿಯುವ ನೀರಿನಿಂದಲೂ ಸಾಬೂನಿನಿಂದಲೂ 15 ನಿಮಿಷ ತೊಳೆಯತಕ್ಕದ್ದು. ಸುಣ್ಣ, ಖಾರದಪುಡಿ, ಸೊಪ್ಪಿನ ರಸ ಯಾವುದನ್ನೂ ಹಚ್ಚದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಚುಚ್ಚುಮದ್ದಿನ ಸರಣಿಯನ್ನು ನಡುವೆ ಬಿಡಲಾಗದು. ಗಾಯವು ಮಾಯ್ದರೂ ರೋಗವು ವಾರಗಳ, ತಿಂಗಳುಗಳ ತರುವಾಯ ತಲೆಯೆತ್ತಬಹುದು. ಸಾಕಿದ ನಾಯಿಯೆಂಬ ವಿಶ್ವಾಸವು ಔಷಧವಲ್ಲ. ನಾಯಿಗೆ ಪ್ರತಿವರ್ಷವೂ ಲಸಿಕೆ ಹಾಕಿಸುವುದು ಒಡೆಯನ ಮೊದಲ ಕರ್ತವ್ಯ.

ಆತಕೂರಿನ ಶಾಸನವನ್ನು ಪಾಠಹೇಳುವ ಅಧ್ಯಾಪಕರು ಯುದ್ಧದ ಕಾಲವನ್ನೂ ಭಾಷೆಯ ರೂಪಗಳನ್ನೂ ವಿವರಿಸುವುದು ಸಹಜ. ಅದರೊಡನೆ ಈ ಮಾತುಗಳನ್ನೂ ಸೇರಿಸಿದರೆ ಅದು ಪಾಠಕ್ಕೆ ಹೊರತಾದುದೆನಿಸದು. ಏಕೆಂದರೆ ಕೇಳುವ ಹುಡುಗರಲ್ಲಿ ಅನೇಕರು ನಾಯಿಯಿರುವ ಮನೆಯಿಂದ, ಹಟ್ಟಿಯಿಂದ, ಹೊಲದಿಂದ ಬಂದವರು. ಕಚ್ಚಿಸಿಕೊಂಡ ಹುಡುಗನು ಬೈಗುಳಕ್ಕಂಜಿ ಮನೆಯಲ್ಲಿ ಹೇಳದೆ ಉಳಿಯುವುದುಂಟು. ತರಗತಿಯಲ್ಲಿ ಕೇಳಿದ ಒಂದು ಮಾತು ಅವನನ್ನು ಆಸ್ಪತ್ರೆಗೆ ಮುಟ್ಟಿಸಬಹುದು. ಸತ್ತ ಕಾಳಿಗೆ ಮಣಲೇರನು ಕಲ್ಲನ್ನು ನಿಲ್ಲಿಸಿ ತನ್ನ ಋಣವನ್ನು ಒಪ್ಪಿಕೊಂಡನು. ಬದುಕಿರುವ ನಾಯಿಗೂ ಅದರೊಡನೆ ದುಡಿಯುವವರಿಗೂ ಆ ಋಣವು ಎಚ್ಚರದ ರೂಪದಲ್ಲಿ ಸಲ್ಲತಕ್ಕದ್ದಾಗಿದೆ.